ಗೊತ್ತಿರುವ ಗುಟ್ಟಿನ ಆಕರ್ಷಣೆ: ‘ಬ್ಯೋಮಕೇಶ್ ಬಕ್ಷಿ’ ಧಾರಾವಾಹಿ ಮತ್ತು ದುರ್ಗಸೀಮೆಯ ಕಥನ ಪರಂಪರೆ

ಪತ್ತೇದಾರಿ ಕಥೆಯ ಆಯುಷ್ಯ ಅಲ್ಪವೆಂಬುದು ಸಾಮಾನ್ಯ ನಂಬಿಕೆ. ಅಪರಾಧಿ ಯಾರೆಂದು ತಿಳಿದ ಕ್ಷಣಕ್ಕೆ ಕುತೂಹಲ ತೀರುತ್ತದೆ; ತೀರಿದ ಕುತೂಹಲಕ್ಕೆ ಮತ್ತೆ ಬೆಲೆ ಇರುವುದಿಲ್ಲ ಎಂಬುದು ಈ ನಂಬಿಕೆಯ ತರ್ಕ. ಆದರೆ ಬಾಸು ಚಟರ್ಜಿ ಅವರ ನಿರ್ದೇಶನದಲ್ಲಿ 1993ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಬ್ಯೋಮಕೇಶ್ ಬಕ್ಷಿ’ ಹಿಂದಿ ಧಾರಾವಾಹಿಯ ಚರಿತ್ರೆ ಈ ತರ್ಕವನ್ನು ಒಪ್ಪುವುದಿಲ್ಲ. 1997ರಲ್ಲಿ ಅದರ ಎರಡನೆಯ ಸರಣಿ ಬಂದಿತು. 2020ರ ಮಾರ್ಚ್ ತಿಂಗಳಲ್ಲಿ ದೇಶವೇ ಮನೆಯೊಳಗೆ ಕುಳಿತಾಗ ದೂರದರ್ಶನವು ‘ರಾಮಾಯಣ’, ‘ಮಹಾಭಾರತ’ಗಳ ಜೊತೆಗೆ ಈ ಧಾರಾವಾಹಿಯನ್ನೂ ಮರುಪ್ರಸಾರ ಮಾಡಿತು. ಎಲ್ಲರಿಗೂ ಗೊತ್ತಿರುವ ಪುರಾಣಕಥೆಗಳ ಸಾಲಿನಲ್ಲಿ ಪತ್ತೇದಾರಿ ಕಥೆಯೊಂದು ನಿಂತದ್ದು ಆಕಸ್ಮಿಕವೆಂದು ತೋರುವುದಿಲ್ಲ. ಗೊತ್ತಿರುವ ಗುಟ್ಟನ್ನು ಮತ್ತೆ ಮತ್ತೆ ನೋಡುವ ಸುಖ ಯಾವುದು ಎಂಬ ಪ್ರಶ್ನೆಯನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕಥನ ಪರಂಪರೆಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಪ್ರೇಕ್ಷಕರ ಸಮೀಕ್ಷೆಯಲ್ಲ. ಎರಡು ಕಥನ ಕ್ರಮಗಳ ರಚನೆಯನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವ ವಿಮರ್ಶೆ.

ಬಂಗಾಳಿ ಲೇಖಕ ಶರದಿಂದು ಬಂದ್ಯೋಪಾಧ್ಯಾಯರು ಬ್ಯೋಮಕೇಶನನ್ನು ಸೃಷ್ಟಿಸಿದ್ದು 1932ರಲ್ಲಿ. ತನ್ನನ್ನು ‘ಡಿಟೆಕ್ಟಿವ್’ ಎಂದು ಕರೆಯುವುದು ಅವನಿಗೆ ಹಿಡಿಸದು. ‘ಸತ್ಯಾನ್ವೇಷಿ’ ಎಂಬುದೇ ಅವನು ಆರಿಸಿಕೊಂಡ ಹೆಸರು. ಧಾರಾವಾಹಿಯಲ್ಲಿ ರಜಿತ್ ಕಪೂರ್ ಬ್ಯೋಮಕೇಶನಾಗಿಯೂ ಕೆ. ಕೆ. ರೈನಾ ಅವನ ಗೆಳೆಯ ಅಜಿತನಾಗಿಯೂ ಅಭಿನಯಿಸಿದರು. ಬೆನ್ನಟ್ಟುವಿಕೆ, ಹೊಡೆದಾಟಗಳು ಇಲ್ಲಿ ಕಡಿಮೆ. ಒಂದು ಕೋಣೆ, ಎರಡು ಕುರ್ಚಿ, ಚಹಾ, ಮಾತು: ಇಷ್ಟರಲ್ಲೇ ಬಹುಪಾಲು ಕಥೆ ನಡೆಯುತ್ತದೆ. ಜನಪದ ಕಥನದ ಸೂತ್ರಗಳನ್ನು 1909ರಲ್ಲಿ ಗುರುತಿಸಿದ ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್, ಒಂದು ದೃಶ್ಯದಲ್ಲಿ ಇಬ್ಬರೇ ಸಕ್ರಿಯರಾಗಿರುತ್ತಾರೆ ಎಂಬ ನಿಯಮವನ್ನು ಹೇಳಿದ್ದರು. ಆ ನಿಯಮಕ್ಕೆ ಈ ಧಾರಾವಾಹಿ ಆಧುನಿಕ ನಿದರ್ಶನದಂತಿದೆ.

ಮೊದಲಿಗೆ ಕುತೂಹಲದ ಪ್ರಶ್ನೆ. ಅಮೆರಿಕದ ‘ಕೊಲಂಬೋ’ ಸರಣಿ 1971ರಿಂದ ದಶಕಗಳ ಕಾಲ ಜನಪ್ರಿಯವಾಗಿತ್ತು. ಅದರ ಕಂತುಗಳಲ್ಲಿ ಸಾಮಾನ್ಯವಾಗಿ ಕೊಲೆಗಾರನನ್ನು ಆರಂಭದಲ್ಲೇ ತೋರಿಸಿಬಿಡುತ್ತಿದ್ದರು. ನೋಡುವವನಿಗೆ ಎಲ್ಲವೂ ಗೊತ್ತು, ಪತ್ತೇದಾರನಿಗೆ ಮಾತ್ರ ಗೊತ್ತಿಲ್ಲ. ಆದರೂ ಜನ ನೋಡಿದರು. ‘ಯಾರು’ ಎಂಬ ಪ್ರಶ್ನೆಗಿಂತ ‘ಹೇಗೆ ತಿಳಿಯುತ್ತದೆ’ ಎಂಬ ಪ್ರಶ್ನೆ ಬಲವಾದುದು ಎಂಬುದಕ್ಕೆ ಇದು ಸಾಕ್ಷಿ. ದುರ್ಗಸೀಮೆಯ ಪ್ರೇಕ್ಷಕನಿಗೆ ಈ ಸಂಗತಿ ಹೊಸದಲ್ಲ. ರಾತ್ರಿಯಿಡೀ ನಡೆಯುವ ಬಯಲಾಟದ ಮುಂದೆ ಕುಳಿತವನಿಗೆ ಕೀಚಕ ಸಾಯುತ್ತಾನೆಂಬುದು ಮೊದಲೇ ಗೊತ್ತು. ಓಬವ್ವನ ಕಿಂಡಿಯ ಮುಂದೆ ನಿಲ್ಲುವ ಪ್ರವಾಸಿಗೂ ಕಥೆ ಗೊತ್ತು; 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತೆಂಬುದೂ ಗೊತ್ತು. 1972ರ ‘ನಾಗರಹಾವು’ ಚಿತ್ರದ ನಂತರವಂತೂ ಆ ಐತಿಹ್ಯ ನಾಡಿನ ಮನೆಮನೆಯ ಕಥೆಯಾಯಿತು. ಆದರೂ ಕಿಂಡಿಯ ಬಳಿ ಸದ್ದು ಕೇಳಿ ಅವಳು ನೀರು ತರಲು ಹೋದವಳು ನಿಂತಳು ಎನ್ನುವಲ್ಲಿಗೆ ಕೇಳುಗ ಉಸಿರು ಬಿಗಿಹಿಡಿಯುತ್ತಾನೆ. ಕಥೆಯ ಬಲವಿರುವುದು ತಿಳಿಯದ ಅಂತ್ಯದಲ್ಲಿ ಅಲ್ಲ, ತಿಳಿಯುವ ಕ್ಷಣದಲ್ಲಿ.

ಎರಡನೆಯದು ಅಜಿತನ ಪಾತ್ರ. ಪತ್ತೇದಾರನ ಗೆಳೆಯನನ್ನು ಸಾಮಾನ್ಯವಾಗಿ ಷರ್ಲಾಕ್ ಹೋಮ್ಸ್‌ನ ವಾಟ್ಸನ್‌ಗೆ ಹೋಲಿಸಿ ಕೈಬಿಡುತ್ತಾರೆ. ನಮ್ಮ ಪರಂಪರೆಯಲ್ಲಿ ಅವನಿಗೆ ಇನ್ನೂ ಹತ್ತಿರದ ಸಂಬಂಧಿಗಳಿದ್ದಾರೆ. ಕಥೆ ಹೇಳುವವರ ಎದುರಿಗೆ ‘ಹೂಂ’ಗುಟ್ಟುವವರೊಬ್ಬರು ಇರಲೇಬೇಕು, ಹೂಂಗುಟ್ಟುವವರು ನಿದ್ದೆಹೋದರೆ ಕಥೆಯೂ ನಿಲ್ಲುತ್ತದೆ. ಮೂಡಲಪಾಯ ಆಟದಲ್ಲಿ ಸಾರಥಿಯು ರಂಗಕ್ಕೆ ಬಂದ ಪಾತ್ರವನ್ನು ತಾವು ಯಾರು, ಎಲ್ಲಿಂದ ಬಂದಿರಿ ಎಂದು ವಿಚಾರಿಸುತ್ತಾನೆ. ಬಂದಾತ ಯಾರೆಂದು ಕುಳಿತ ಜನಕ್ಕೆಲ್ಲ ಗೊತ್ತು. ಆದರೂ ಆ ಪ್ರಶ್ನೆ ಬೇಕು. ಅಜ್ಞಾನದಿಂದ ಹುಟ್ಟಿದ ಪ್ರಶ್ನೆಯಲ್ಲ ಅದು, ಕಥನಕ್ಕೆ ದಾರಿ ಬಿಡುವ ಪ್ರಶ್ನೆ. ಅಜಿತ ಏಕಕಾಲಕ್ಕೆ ಹೂಂಗುಟ್ಟುವವನೂ ಸಾರಥಿಯೂ ಆಗಿದ್ದಾನೆ. ಅವನು ದಡ್ಡನಲ್ಲ, ಸ್ವತಃ ಬರಹಗಾರ. ಪ್ರೇಕ್ಷಕನ ಪರವಾಗಿ ಕೇಳುವ ಹೊಣೆ ಅವನದು. ಮರುಪ್ರಸಾರದಲ್ಲಿ ಉತ್ತರ ಗೊತ್ತಿದ್ದೂ ಅವನ ಪ್ರಶ್ನೆ ಬೇಸರ ತರಿಸದಿರುವುದಕ್ಕೆ ಕಾರಣ ಇದೇ.

ಮೂರನೆಯದು ಒಗಟಿನ ರಚನೆ. ಒಗಟು ಅಪರಿಚಿತ ವಸ್ತುವಿನ ಬಗ್ಗೆ ಹುಟ್ಟುವುದಿಲ್ಲ. ಬೀಸುವ ಕಲ್ಲು, ದೀಪ, ಬಾವಿ ಮೊದಲಾದ ದಿನಬಳಕೆಯ ವಸ್ತುಗಳಿಗೇ ಅದು ಅಪರಿಚಿತ ಮುಖ ತೊಡಿಸುತ್ತದೆ. ಬಿಡಿಸಿದಾಗ ವಸ್ತು ಮರಳಿ ಮನೆಗೆ ಬರುತ್ತದೆ. ಬ್ಯೋಮಕೇಶನ ಒಳ್ಳೆಯ ಕಥೆಗಳು ಇದೇ ಹದದವು. ಒಂದು ಕಥೆಯಲ್ಲಿ ಬೀದಿಯಲ್ಲಿ ನಡೆಯುವವರ ಎದೆಗೆ ಗ್ರಾಮಫೋನಿನ ಮುಳ್ಳು ನಾಟಿ ಸಾವು ಸಂಭವಿಸುತ್ತದೆ. ಆಯುಧವಾದದ್ದು ಎಲ್ಲರೂ ಕೇಳುತ್ತಿದ್ದ ಸೈಕಲ್ ಗಂಟೆ. ಇನ್ನೊಂದರಲ್ಲಿ ಕಾವಲಿನ ನಡುವೆಯೂ ಮುದುಕನೊಬ್ಬನಿಗೆ ಜೇಡದ ವಿಷರಸ ದಿನವೂ ಸಿಗುತ್ತಿರುತ್ತದೆ. ಅದು ಬರುತ್ತಿದ್ದುದು ಅವನು ಬರೆಯುತ್ತಿದ್ದ ಮಸಿಯ ಮೂಲಕ. ಎರಡರಲ್ಲೂ ಗುಟ್ಟು ಅಡಗಿರುವುದು ಕತ್ತಲಲ್ಲಿ ಅಲ್ಲ, ಕಣ್ಣೆದುರಿನ ಬೆಳಕಿನಲ್ಲಿ. ಉತ್ತರ ಗೊತ್ತಿದ್ದೂ ಒಗಟನ್ನು ಮಕ್ಕಳಿಗೆ ಮತ್ತೆ ಒಡ್ಡುವಂತೆಯೇ ಈ ಕಂತುಗಳನ್ನು ಮತ್ತೆ ನೋಡಬಹುದು.

ನಾಲ್ಕನೆಯದು ಜಾಡಿನ ಅರಿವು. ಪತ್ತೇದಾರಿಕೆಯ ಕುರಿತು ಕನ್ನಡದಲ್ಲಿ ಬಳಸುವ ಜಾಡು, ಹೆಜ್ಜೆ, ಸುಳಿವು ಎಂಬ ಮಾತುಗಳು ಕಾಡು ಮತ್ತು ಅಡವಿದಾರಿಯ ಬದುಕಿಗೆ ಸಲ್ಲುವಂಥವು. ಕಾಡುಗೊಲ್ಲರು ಮತ್ತು ಮ್ಯಾಸಬೇಡರು ನೆಲೆಸಿರುವ ಈ ಸೀಮೆಯ ಮೌಖಿಕ ಕಾವ್ಯಗಳ ನಾಯಕರಾದ ಜುಂಜಪ್ಪ, ಎತ್ತಪ್ಪ, ಗಾದ್ರಿ ಪಾಲನಾಯಕರು ಪಶುಪಾಲಕ ಸಂಸ್ಕೃತಿಯ ವೀರರು. ತಪ್ಪಿಸಿಕೊಂಡ ದನವನ್ನು ಗೊರಸಿನ ಗುರುತು, ಮೇಯ್ದ ಹುಲ್ಲಿನ ತುದಿ, ಹಾಕಿದ ಸಗಣಿಯ ಹಸಿತನಗಳಿಂದ ಹುಡುಕುವುದು ಪಶುಪಾಲಕರ ನಿತ್ಯದ ವಿದ್ಯೆ. ಲೋಕದ ಜನಪದ ಕಥೆಗಳ ವರ್ಗಸೂಚಿಯಲ್ಲಿ ಆರ್ನೆ ಮತ್ತು ಥಾಂಪ್ಸನ್ ಅವರು 655ನೆಯ ವರ್ಗದಲ್ಲಿ ಗುರುತಿಸಿದ ಕಥೆಯಲ್ಲಿ, ತಾವು ಕಾಣದ ಒಂಟೆಯ ಕುರುಡು, ಕುಂಟುಗಳನ್ನು ಅದರ ಜಾಡಿನಿಂದಲೇ ಜಾಣ ಸಹೋದರರು ಹೇಳುತ್ತಾರೆ. ಪತ್ತೇದಾರನ ಬೇರು ಲಂಡನ್ನಿನಲ್ಲಿ ಮಾತ್ರ ಇಲ್ಲ, ದನದ ಹಟ್ಟಿಯ ಸುತ್ತಲೂ ಇದೆ.

ಹಾಗೆಂದು ಈ ಧಾರಾವಾಹಿಯನ್ನು ಜಾನಪದದ ಮುಂದುವರಿಕೆಯೆಂದು ಸಾರುವುದು ಅವಸರದ ಮಾತಾದೀತು. ಇವೆರಡರ ನಡುವೆ ಮೂಲಭೂತ ಭೇದವೊಂದಿದೆ. ಜನಪದ ಕಥೆಯಲ್ಲಿ ಸತ್ಯ ತಾನಾಗಿಯೇ ಬಾಯಿಬಿಡುತ್ತದೆ. ಕೊಲೆಯಾದವಳ ಮೂಳೆಯಿಂದ ಮಾಡಿದ ವಾದ್ಯ ಹಾಡುತ್ತದೆ, ಹಕ್ಕಿ ಸಾಕ್ಷಿ ಹೇಳುತ್ತದೆ, ದೇವರ ಮುಂದೆ ಸುಳ್ಳು ಆಣೆ ಇಟ್ಟವನ ನಾಲಿಗೆ ತೊದಲುತ್ತದೆ. ಪ್ರಕೃತಿಯೂ ದೈವವೂ ಅಲ್ಲಿ ನ್ಯಾಯದ ಪಕ್ಷದಲ್ಲಿವೆ. ಬ್ಯೋಮಕೇಶನ ಲೋಕದಲ್ಲಿ ಹಕ್ಕಿ ಮಾತಾಡುವುದಿಲ್ಲ. ಮನುಷ್ಯ ಹುಡುಕದಿದ್ದರೆ ಸತ್ಯ ಸತ್ತಂತೆಯೇ. ಪೊಲೀಸ್ ಠಾಣೆ, ಉಯಿಲು, ವಕೀಲ, ವಿಮೆಗಳ ಜಗತ್ತಿಗೆ ಕಾಲಿಟ್ಟ ಸಮಾಜಕ್ಕೆ ಇದು ಅನಿವಾರ್ಯವಾದ ಹೊಸ ನಂಬಿಕೆ.

ಈ ಹೊಸ ನಂಬಿಕೆಯ ಇನ್ನೊಂದು ಮುಖವನ್ನು ಜಾನಪದ ವಿದ್ವಾಂಸರು ಮರೆಯಬಾರದು. ವಸಾಹತು ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಅಲೆಮಾರಿ ಸಮುದಾಯಗಳನ್ನು ಇಡಿಯಾಗಿ ಹುಟ್ಟು ಕಳ್ಳರೆಂದು ಪಟ್ಟಿಮಾಡಿತು. 1952ರಲ್ಲಿ ಅದು ರದ್ದಾದರೂ ಆ ಕಳಂಕ ಮಾತ್ರ ಸುಲಭವಾಗಿ ಅಳಿಯಲಿಲ್ಲ. ಯಾವುದೇ ಸುಳಿವಿಲ್ಲದೆ ಒಂದು ಜಾತಿಯನ್ನೇ ಶಂಕಿಸುವುದು ಪತ್ತೇದಾರಿಕೆಯ ವಿಡಂಬನೆ. ಬ್ಯೋಮಕೇಶನ ಕಥೆಗಳ ನೈತಿಕ ಬಲ ಪ್ರಕಟವಾಗುವುದು ಇಲ್ಲಿ. ಅವನ ಅಪರಾಧಿ ಬಹುಮಟ್ಟಿಗೆ ಹೊರಗಿನ ಅಲೆಮಾರಿಯಲ್ಲ. ಮರ್ಯಾದಸ್ಥ ಮನೆಯ ಒಳಗಿನವನು, ಆಸ್ತಿಯ ಆಸೆಯವನು, ಓದು ಬಲ್ಲವನು. ಮೊದಲ ಕಥೆಯ ಅಪರಾಧಿ ಊರಿಗೆ ಬೇಕಾದ ವೈದ್ಯನೇ. ಶಂಕೆ ಹುಟ್ಟಿನಿಂದಲ್ಲ, ಸಾಕ್ಷ್ಯದಿಂದ ಹುಟ್ಟಬೇಕೆಂಬ ಪಾಠವನ್ನು ಧಾರಾವಾಹಿ ಉಪದೇಶವಿಲ್ಲದೆ ಕಲಿಸುತ್ತದೆ. ಕಳ್ಳ ಯಾರೆಂದು ಊರು ಮೊದಲೇ ತೀರ್ಮಾನಿಸಿಬಿಡುವ ನೆಲದಲ್ಲಿ ಈ ಪಾಠ ಹಳತಾಗುವುದಿಲ್ಲ.

ಧಾರಾವಾಹಿಗೆ ಮಿತಿಗಳೂ ಇವೆ. ಅದರ ಲೋಕ ಮುಖ್ಯವಾಗಿ ಕೋಲ್ಕತ್ತೆಯ ವಿದ್ಯಾವಂತ ಮಧ್ಯಮವರ್ಗದ್ದು. ದುಡಿಯುವ ಹಳ್ಳಿಗೆ ಅಲ್ಲಿ ಸ್ಥಳ ಕಡಿಮೆ. ಚುರುಕು ಬುದ್ಧಿಯ ಸತ್ಯವತಿ ಮದುವೆಯ ನಂತರ ಹೆಚ್ಚಾಗಿ ಮನೆಯ ಚೌಕಟ್ಟಿನಲ್ಲಿ ಉಳಿಯುತ್ತಾಳೆ. ಜಾಣ ಹೆಣ್ಣು ಅರಸನ ಒಗಟನ್ನೇ ಬಿಡಿಸಿ ಗೆಲ್ಲುವ ಜನಪದ ಕಥೆಗಳ ಮುಂದೆ ಇದು ಹಿನ್ನಡೆ. ಭಾಷೆಯ ತೊಡಕೂ ಇತ್ತು. ಕರ್ನಾಟಕದಲ್ಲಿ ಡಬ್ಬಿಂಗಿಗೆ ದೀರ್ಘಕಾಲ ಇದ್ದ ಅಘೋಷಿತ ನಿರ್ಬಂಧವನ್ನು ಭಾರತೀಯ ಸ್ಪರ್ಧಾ ಆಯೋಗ ತಪ್ಪೆಂದು ಹೇಳಿದ್ದು 2015ರಲ್ಲಿ. ಅಲ್ಲಿಯವರೆಗೆ ಕನ್ನಡದ ಪ್ರೇಕ್ಷಕ ಇಂಥ ಧಾರಾವಾಹಿಗಳನ್ನು ಹಿಂದಿಯಲ್ಲೇ ನೋಡಬೇಕಿತ್ತು. ಆದರೆ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನಂಥ ಪಾತ್ರಗಳು ಕನ್ನಡ ಓದುಗರಿಗೆ ಈ ಪ್ರಕಾರದ ವ್ಯಾಕರಣವನ್ನು ಮೊದಲೇ ಕಲಿಸಿದ್ದವು.

ಒಟ್ಟಿನಲ್ಲಿ ‘ಬ್ಯೋಮಕೇಶ್ ಬಕ್ಷಿ’ಯ ಬಾಳಿಕೆಗೆ ಹಳೆಯ ಕಾಲದ ಹಂಬಲವೊಂದೇ ಕಾರಣವಲ್ಲ. ಹೂಂಗುಟ್ಟುವ ಜೊತೆಗಾರ, ಒಗಟಿನ ಕಟ್ಟು, ಜಾಡಿನ ವಿವೇಕ ಎಂಬ ಮೂರು ಹಳೆಯ ಕಂಬಗಳ ಮೇಲೆ ಸಾಕ್ಷ್ಯಾಧಾರಿತ ನ್ಯಾಯವೆಂಬ ಹೊಸ ಮಾಡನ್ನು ಅದು ಹೊದಿಸಿತು. ದೂರದರ್ಶನವು ಜಾನಪದವನ್ನು ನುಂಗಿತೆಂಬ ದೂರನ್ನೇ ಆವರ್ತಿಸುತ್ತ ಕೂರುವ ಬದಲು, ಜನ ಯಾವುದನ್ನು ಎರಡನೆಯ ಸಲ ಬಯಸಿ ನೋಡುತ್ತಾರೆ, ಏಕೆ ನೋಡುತ್ತಾರೆ ಎಂಬುದನ್ನು ಅಧ್ಯಯನದ ವಸ್ತುವಾಗಿಸಬೇಕಾಗಿದೆ. ಮೌಖಿಕ ಕಾವ್ಯವನ್ನು ಧ್ವನಿಮುದ್ರಿಸಿಕೊಳ್ಳುವ ಸಂಶೋಧಕನು ಅದೇ ಹಟ್ಟಿಯ ಟಿ.ವಿ. ಮುಂದೆಯೂ ಅಷ್ಟೇ ತಾಳ್ಮೆಯಿಂದ ಕುಳಿತುಕೊಳ್ಳಬೇಕು. ಮರುಶ್ರವಣವೇ ಮೌಖಿಕ ಪರಂಪರೆಯ ಪ್ರಾಣವಾಗಿದ್ದರೆ, ಮರುವೀಕ್ಷಣೆಯನ್ನು ಅದರ ಸೋದರನೆಂದು ಪರಿಗಣಿಸಲು ಹಿಂಜರಿಯಬೇಕಾಗಿಲ್ಲ.