ವಿದುರಾಶ್ವತ್ಥ ಒಡೆಯದಿರಲಿ

ಕನ್ನಡದ ಮುಕ್ತ ಫಾಂಟಿನ ಹೊಸ ಆವೃತ್ತಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಊರ ಹೆಸರುಗಳೇ ಒಳ್ಳೆಯ ಒರೆಗಲ್ಲು. ‘ಡ್ಲ’ ನಿಘಂಟಿನಲ್ಲಿ ಅಪರೂಪ, ಶಿಡ್ಲಘಟ್ಟದವರಿಗೆ ದಿನಬಳಕೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ‘ಶ್ವ’ದ ಬೆನ್ನಿಗೇ ‘ತ್ಥ’. ಅಲ್ಲಿನ 1938ರ ಗೋಲಿಬಾರಿನ ಬಗ್ಗೆ ಬರೆಯುವವರಿಗೆ ‘ಸ್ವಾತಂತ್ರ್ಯ’ವೂ ಬೇಕು, ಅದರಲ್ಲಿ ತಕಾರಕ್ಕೆ ಎರಡು ಒತ್ತು. ಈ ಒತ್ತಕ್ಷರಗಳು ಒಡೆದರೆ ಅಕ್ಷರ ಎಷ್ಟೇ ಚೆಂದವಿರಲಿ, ಫಾಂಟ್ ಬಿಡುಗಡೆಗೆ ಸಿದ್ಧವಾಗಿಲ್ಲ.

ರೆಡ್ ಹ್ಯಾಟ್ ಕಂಪನಿಯ ಆಶ್ರಯದಲ್ಲಿ ಬೆಳೆದ ಲೋಹಿತ್ ಕನ್ನಡ ಫಾಂಟ್ ನನಗೆ ಮೆಚ್ಚುಗೆಯಾಗುವುದು ಅಕ್ಷರದ ಅಂದಕ್ಕಿಂತ ಬಿಡುಗಡೆಯ ಶಿಸ್ತಿಗೆ. ಸಿದ್ಧ ಫಾಂಟಿನ ಜೊತೆ ಅದರ ಮೂಲ ಕಡತಗಳನ್ನೂ ಕೊಟ್ಟರು. ಯಾವ ದೋಷ ಯಾವ ಆವೃತ್ತಿಯಲ್ಲಿ ತಿದ್ದಿಕೊಂಡಿತು ಎಂಬ ದಾಖಲೆ ಇಟ್ಟರು. 2011ರಲ್ಲಿ ಜಿಪಿಎಲ್ ಪರವಾನಗಿ ಬಿಟ್ಟು ಓಪನ್ ಫಾಂಟ್ ಲೈಸೆನ್ಸಿಗೆ ಬಂದದ್ದು ಪುಸ್ತಕ ಮಾಡುವವರಿಗೆ ದೊಡ್ಡ ಉಪಕಾರ. ಪಿಡಿಎಫ್ ಒಳಗೆ ಫಾಂಟ್ ಸೇರಿಸಿದರೆ ಪುಸ್ತಕಕ್ಕೂ ಆ ಪರವಾನಗಿ ಅಂಟೀತೇ ಎಂಬ ಅಳುಕು ಇಲ್ಲವಾಯಿತು.

ಅಕ್ಷರ ಜೋಡಣೆಯಲ್ಲಿ ಕಷ್ಟವಿರುವುದು ರಕಾರದಲ್ಲಿ. ‘ಸೂರ್ಯ’ಕ್ಕೆ ಅರ್ಕಾವತ್ತು ಬೇಕು, ‘ರ‍್ಯಾಂಕ್’ಗೆ ಬೇಡ. ಆ ವ್ಯತ್ಯಾಸ ತೋರಿಸಲು ಕಣ್ಣಿಗೆ ಕಾಣದ ಜೋಡಕವೊಂದನ್ನು ಕೀಲಿಸುತ್ತೇವೆ. ಅದನ್ನು ಹಲಂತ ಚಿಹ್ನೆಯ ಮುಂಚೆ ಇಡಬೇಕೆಂಬುದು ಈಗಿನ ಯೂನಿಕೋಡ್ ರೂಢಿ. ಹಳೆಯ ಕಡತಗಳಲ್ಲಿ ಅದು ನಂತರ ಇದೆ. ಅಕ್ಷರ ಜೋಡಿಸುವ ಹಾರ್ಫ್‌ಬಝ್ ತಂತ್ರಾಂಶ ಹಳೆಯ ಕ್ರಮವನ್ನೂ ಒಪ್ಪಿಕೊಳ್ಳುವಂತೆ ಕನ್ನಡಕ್ಕೆಂದೇ ಒಂದು ವಿನಾಯಿತಿ ಬರೆದಿಟ್ಟಿದೆ. ನಿಯಮ ಬದಲಾಯಿತೆಂದು ಹಿಂದೆ ಬರೆದವರ ಪುಟಗಳನ್ನು ಕೆಡಿಸದ ಈ ಎಚ್ಚರವೇ ನನ್ನ ಪ್ರಕಾರ ಒಳ್ಳೆಯ ಬಿಡುಗಡೆಯ ಮುಖ್ಯ ಗುಣ. ಹೊಸದನ್ನು ಸೇರಿಸುವುದು ಅಷ್ಟು ಕಷ್ಟವಲ್ಲ.

ಆದರೆ ಲೋಹಿತ್‌ನ ಬದಲಾವಣೆ ಪಟ್ಟಿಯನ್ನು ಓದಿ ನೋಡಿ: ಇಂಗ್ಲಿಷ್ ಸಾಲುಗಳು, ದೋಷಗಳ ಕ್ರಮಸಂಖ್ಯೆಗಳು. ಎಂಜಿನಿಯರಿಗೆ ಅದು ಸಾಕು. ಚಿಂತಾಮಣಿಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಜೋಡಿಸುವವರಿಗೆ ಅದರಿಂದ ಏನೂ ತಿಳಿಯದು. ತಾವು ಹಿಂದೆ ಮಾಡಿಟ್ಟ ಪುಟದ ಸಾಲುಗಳು ಸರಿದಾವೇ, ಒತ್ತುಗಳು ಜರುಗಿದಾವೇ ಎಂಬುದಷ್ಟೇ ಅವರ ಪ್ರಶ್ನೆ. ಕನ್ನಡ ಫಾಂಟಿನ ಬಿಡುಗಡೆಯ ಟಿಪ್ಪಣಿ ಕನ್ನಡದಲ್ಲಿ ಇಲ್ಲದಿರುವುದನ್ನು ಸಣ್ಣ ಕೊರತೆ ಎನ್ನಲಾರೆ. ದಿನವಿಡೀ ಆ ಅಕ್ಷರಗಳೊಂದಿಗೇ ಇರುವವರು, ದೋಷವನ್ನು ಎಲ್ಲರಿಗಿಂತ ಮೊದಲು ಕಾಣುವವರು, ಇದರಿಂದಾಗಿ ಪರೀಕ್ಷೆಯ ಹೊರಗೇ ಉಳಿಯುತ್ತಾರೆ.

ಪರಿಹಾರಕ್ಕೆ ಹಣವೇನೂ ಬೇಡ. ಅಂತಿಮ ಆವೃತ್ತಿಗೆ ಮೊದಲು ಒಂದು ಕರಡು ಆವೃತ್ತಿ, ಜೊತೆಗೆ ಎರಡು ಅಂಕಣದ ಒಂದು ಪುಟ: ಎಡಕ್ಕೆ ಹಳೆಯ ರೂಪ, ಬಲಕ್ಕೆ ಹೊಸದು. ಪದಗಳನ್ನು ನಿಘಂಟಿನಿಂದ ಮಾತ್ರ ಆರಿಸದೆ ಜಮೀನಿನ ಪಹಣಿ, ಮತದಾರರ ಪಟ್ಟಿ, ಬಸ್ಸಿನ ಬೋರ್ಡುಗಳಿಂದಲೂ ಆರಿಸಿಕೊಳ್ಳಬೇಕು. ಅದನ್ನು ಅಂಗಡಿಯವರ ಕೈಗೆ ಕೊಟ್ಟು, ಅವರು ಗುರುತು ಹಾಕಿದ್ದನ್ನು ತಿದ್ದಿದ ಮೇಲೆ ಆವೃತ್ತಿಯ ಸಂಖ್ಯೆ ಏರಿಸಲಿ.