ಕಾಲವು ಕಾರಣವಾಗಬಲ್ಲುದೆ?

ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆಲ್ಲ ಕಾರಣದ ಲಕ್ಷಣವು ಬಾಯಿಪಾಠವಾಗಿರುತ್ತದೆ. ಕಾರ್ಯಕ್ಕಿಂತ ಮೊದಲು ತಪ್ಪದೆ ಇರತಕ್ಕದ್ದೇ ಕಾರಣವೆಂಬುದು ಅದರ ತಾತ್ಪರ್ಯ. ಕಾಲವು ಏಕ, ವಿಭು, ನಿತ್ಯವೆಂಬುದೂ ಅಲ್ಲಿಯೇ ಇದೆ. ಅದು ಸಕಲ ಕಾರ್ಯಗಳಿಗೂ ನಿಮಿತ್ತಕಾರಣವೆಂದು ಅವನದೇ ‘ದೀಪಿಕೆ’ಯು ಸೇರಿಸುತ್ತದೆ. ಈ ಎರಡು ಮಾತುಗಳನ್ನು ಒಟ್ಟಿಗಿಟ್ಟು ನೋಡುವವರು ವಿರಳ. ‘ಮೊದಲು’ ಎಂಬ ಅರ್ಥವೇ ಕಾಲದಿಂದ ಬಂದುದು. ಆ ಕಾಲವನ್ನೂ ಕಾರಣಗಳ ಸಾಲಿನಲ್ಲಿ ನಿಲ್ಲಿಸುವುದು, ಅಳೆಯುವ ಕೊಳಗವನ್ನೇ ರಾಶಿಯೊಳಗೆ ಎಣಿಸಿದಂತೆ.

ನೈಯಾಯಿಕರು ಎಚ್ಚರವಿಲ್ಲದವರೇನಲ್ಲ. ಮೊದಲು ಇದ್ದ ಮಾತ್ರಕ್ಕೆ ಎಲ್ಲವೂ ಕಾರಣವಾಗಬಾರದೆಂದು ‘ಅನ್ಯಥಾಸಿದ್ಧಿ’ಯೆಂಬ ಜರಡಿಯನ್ನು ಹಿಡಿದರು. ವಿಶ್ವನಾಥನ ‘ಭಾಷಾಪರಿಚ್ಛೇದ’ದಲ್ಲಿ ಈ ಜರಡಿಯು ಹೊರಹಾಕುವ ಬಗೆಗಳು 5. ಮಡಕೆಗೆ ಕುಂಬಾರನು ಕಾರಣ, ಅವನ ತಂದೆಯಲ್ಲ. ಮಣ್ಣು ಹೊತ್ತ ಕತ್ತೆಯೂ ಅಲ್ಲ. (ಉಳಿದುದೆಲ್ಲ ಮರೆತರೂ ವಿದ್ಯಾರ್ಥಿಗಳು ಈ ಕತ್ತೆಯನ್ನು ಮರೆಯರು.) ಆಕಾಶವೂ ಕಾರಣವಲ್ಲ, ಶಬ್ದಕ್ಕೆ ಕಾರಣವೆಂದು ಅದನ್ನು ಅರಿತ ಮೇಲಷ್ಟೆ ಅದು ಮಡಕೆಗೂ ಮೊದಲಿತ್ತೆಂದು ತಿಳಿಯುವುದು. ಸರಿಯೆ. ಆದರೆ ಆಕಾಶವನ್ನು ಹೊರಗಿಟ್ಟ ಕೈಯೇ ಕಾಲವನ್ನು ಒಳಗಿರಿಸಿಕೊಂಡುದೇಕೆ? ಎರಡೂ ವಿಭು, ಎರಡೂ ನಿತ್ಯ. ಕಾಲವಿಲ್ಲದ ಸ್ಥಿತಿಯನ್ನು ತೋರಿಸಲಾಗದ ಕಾರಣ, ಕಾಲವಿಲ್ಲದಿದ್ದರೆ ಮಡಕೆಯಿಲ್ಲವೆಂಬ ವ್ಯತಿರೇಕಕ್ಕೆ ದೃಷ್ಟಾಂತವೇ ದೊರೆಯದು. ‘ಈಗ ಹುಟ್ಟಿತು’ ಎಂಬ ಲೋಕವ್ಯವಹಾರವೇ ಪ್ರಮಾಣವೆನ್ನಬಹುದು. ಆ ವ್ಯವಹಾರವು ಕಾಲವನ್ನು ಆಧಾರವೆಂದು ಸಾಧಿಸೀತು, ಜನಕವೆಂದು ಸಾಧಿಸದು.

ಇದೇ ಗಂಟನ್ನು ಜರ್ಮನಿಯ ಕಾಂಟನು 1781ರ ತನ್ನ ‘ಶುದ್ಧಬುದ್ಧಿಯ ವಿಮರ್ಶೆ’ಯಲ್ಲಿ ಮತ್ತೊಂದು ತುದಿಯಿಂದ ಹಿಡಿದನು. ಮೆತ್ತೆಯ ಮೇಲೆ ಗುಂಡನ್ನಿಟ್ಟರೆ ತಗ್ಗು ಬೀಳುತ್ತದೆ. ಗುಂಡೂ ತಗ್ಗೂ ಏಕಕಾಲದಲ್ಲಿವೆ. ಆದರೂ ಗುಂಡಿನಿಂದ ತಗ್ಗಲ್ಲದೆ ತಗ್ಗಿನಿಂದ ಗುಂಡಲ್ಲ. ನೋಡಬೇಕಾದುದು ಕ್ರಮವನ್ನೇ ಹೊರತು ನಡುವೆ ಕಳೆದ ಹೊತ್ತನ್ನಲ್ಲವೆಂಬುದು ಅವನ ನಿಲುವು.

ಶೈವಾಗಮಗಳ 36 ತತ್ತ್ವಗಳನ್ನು ಬಲ್ಲವರಿಗೆ ಇದು ಹೊರಗಿನ ಚರ್ಚೆಯಲ್ಲ. ಅಲ್ಲಿ ಕಾಲವು ನಿತ್ಯದ್ರವ್ಯವಲ್ಲ. ಮಾಯೆಯಿಂದುದಿಸಿ ಜೀವನನ್ನು ಮಿತಗೊಳಿಸುವ ಕಂಚುಕಗಳಲ್ಲೊಂದು. ನಿಯತಿಯು ಬೇರೊಂದು ಕಂಚುಕ. ಇಂಥ ಕಾರಣದಿಂದ ಇಂಥದೇ ಕಾರ್ಯವೆಂಬ ಕಟ್ಟಳೆಯು, ಕಾಶ್ಮೀರದ ಅಭಿನವಗುಪ್ತನ ಮತದಲ್ಲಿ, ನಿಯತಿಗೆ ಸೇರಿದ್ದು. ಕಾಲವನ್ನೂ ಕಾರ್ಯಕಾರಣನಿಯಮವನ್ನೂ ಹೀಗೆ ಬಿಡಿಸಿಟ್ಟುದು ಸಾಮಾನ್ಯ ಸಾಧನೆಯಲ್ಲ.

ಆದರೂ ನಮ್ಮ ಉಪನ್ಯಾಸಗಳಲ್ಲಿ ತತ್ತ್ವಸೃಷ್ಟಿಯನ್ನು ವಂಶಾವಳಿಯಂತೆ ಓದುವ ರೂಢಿ ಬಿಟ್ಟಿಲ್ಲ: ಮೊದಲು ಮಾಯೆ, ಬಳಿಕ ಕಾಲ. ಕಾಲವೇ ಉದಿಸದಿರುವಲ್ಲಿ ‘ಬಳಿಕ’ ಎಲ್ಲಿಯದು? ಅದು ಆಶ್ರಯದ ಕ್ರಮವೇ ಹೊರತು ಹೊತ್ತಿನ ಕ್ರಮವಲ್ಲ. ಇನ್ನೂ ಕಠಿನವಾದ ಪ್ರಶ್ನೆ ಮತ್ತೊಂದಿದೆ. ನಿಯತಿಯೂ ಹುಟ್ಟಿದುದಾದರೆ ಅದರ ಹುಟ್ಟಿಗೆ ಯಾವ ಕಟ್ಟಳೆ? ‘ತಂತ್ರಸಾರ’ವು ಕಾರ್ಯಕಾರಣಭಾವವನ್ನು ಪಾರಮಾರ್ಥಿಕ, ಸೃಷ್ಟ ಎಂದು ಎರಡಾಗಿ ವಿಂಗಡಿಸಿದುದರ ಅಗತ್ಯ ಇಲ್ಲಿಯೇ ತಿಳಿಯುವುದು. ಎರಡನೆಯದು ನಿಯತಿಯ ಎಲ್ಲೆಯೊಳಗಿನದು. ಮೊದಲನೆಯದಕ್ಕೆ ಶಿವನ ಸ್ವಾತಂತ್ರ್ಯವಲ್ಲದೆ ಬೇರೆ ನೆಲೆಯಿಲ್ಲ.