ಹೊಲಿದ ದೋಣಿಯ ಲೆಕ್ಕಾಚಾರ

ವಿಶಾಖಪಟ್ಟಣದ ನೌಕಾನಿರ್ಮಾಣ ಎಂದೊಡನೆ 1948ರ ಮಾರ್ಚ್‌ನಲ್ಲಿ ನೆಹರೂ ನೀರಿಗಿಳಿಸಿದ ‘ಜಲ ಉಷಾ’ ಹಡಗು ನೆನಪಾಗುತ್ತದೆ. ಅದು ದೊಡ್ಡ ಸಾಧನೆಯೇ. ಆದರೆ ಜನರನ್ನು ದಡ ಮುಟ್ಟಿಸುವ ಕೆಲಸವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಅದೇ ಕರಾವಳಿಯ ಬೆಸ್ತರು ಬಳಸುತ್ತಿದ್ದ ಮಸೂಲಾ ದೋಣಿಗೆ ನನ್ನ ಮೊದಲ ಮೆಚ್ಚುಗೆ.

1933ರಲ್ಲಿ ಅಲ್ಲಿ ಬಂದರು ತೆರೆಯುವ ಮುನ್ನ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ನಡುವೆ ಇದ್ದದ್ದು ಅಲೆಗಳು ಮುರಿದು ಬೀಳುವ ಅಪಾಯದ ನೀರು. ಮೊಳೆ ಹೊಡೆದ ಗಡುಸು ದೋಣಿ ಅಲ್ಲಿ ಮರಳಿಗೆ ಅಪ್ಪಳಿಸಿದರೆ ಬಿರಿಯುತ್ತಿತ್ತು. ಮಸೂಲಾಕ್ಕೆ ಮೊಳೆಯಿಲ್ಲ, ಒಳಚೌಕಟ್ಟೂ ಇಲ್ಲ. ಹಲಗೆಗಳ ಅಂಚಿಗೆ ತೂತು ಕೊರೆದು, ಸಂದಿಗೆ ನಾರು, ಹುಲ್ಲು ಒತ್ತಿ, ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಬಡಿತಕ್ಕೆ ಇಡೀ ಒಡಲೇ ಬಾಗಿ ಪೆಟ್ಟು ನುಂಗುತ್ತಿತ್ತು. ಕೊರತೆಗಳೂ ಕಡಿಮೆಯಿರಲಿಲ್ಲ: ಸದಾ ಜಿನುಗುವ ನೀರನ್ನು ಮೊಗೆದು ಚೆಲ್ಲಬೇಕು, ಹೊಲಿಗೆಯನ್ನು ಮತ್ತೆ ಮತ್ತೆ ಬಿಚ್ಚಿ ಹಾಕಬೇಕು, ಪ್ರಯಾಣಿಕರು ಬಹುಪಾಲು ತೊಯ್ದೇ ಇಳಿಯಬೇಕು. ಇದೇ ಕರಾವಳಿಯ ಮದರಾಸಿನಲ್ಲಿ ಇನ್ನೊಂದು ಏರ್ಪಾಡಿತ್ತು. ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲು ಮಸೂಲಾದ ಜೊತೆಗೇ ಕಟ್ಟುಮರ ಸಾಗುತ್ತಿತ್ತು. ದೋಣಿ ಮಗುಚಬಹುದು ಎಂಬುದನ್ನು ಒಪ್ಪಿಕೊಂಡೇ ಹೂಡಿದ ಏರ್ಪಾಡು ಅದು.

ಆ ಎಚ್ಚರ ಇಂದಿನ ವಿಹಾರದೋಣಿಗಳಿಗೂ ಬೇಕು. ವಿಜಯವಾಡದ ಕೃಷ್ಣಾ ನದಿ ಸಮುದ್ರದಷ್ಟು ಒರಟಲ್ಲ. ಆದರೂ 2017ರ ನವೆಂಬರ್ 12ರಂದು, ಕಾರ್ತಿಕದ ಭಾನುವಾರ, ಪವಿತ್ರ ಸಂಗಮ ಎಂಬ ಘಾಟಿನ ಆರತಿ ನೋಡಲು ಹೊರಟವರ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಪ್ರವಾಸಿಗರನ್ನು ಒಯ್ಯಲು ಆ ಖಾಸಗಿ ದೋಣಿಗೆ ಅನುಮತಿಯೇ ಇರಲಿಲ್ಲ. ನಮ್ಮ ಕಾರವಾರದಲ್ಲೂ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜೀವ ಹೋದವು. ಇಂಥ ಸಾವುಗಳನ್ನು ವಿಧಿಯ ಲೆಕ್ಕಕ್ಕೆ ಬರೆಯುವುದನ್ನು ನಾನು ಒಪ್ಪಲಾರೆ.

ವಿಹಾರದೋಣಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಆಸನ, ಬಣ್ಣ, ನೆರಳಿನ ಚಾವಣಿ. ಚಾವಣಿಯ ಮೇಲೂ ಜನ ಹತ್ತಿದರೆ ಭಾರದ ಕೇಂದ್ರ ಮೇಲೇರುತ್ತದೆ. ಫೋಟೊಗೆಂದು ಎಲ್ಲರೂ ಒಂದೇ ಬದಿಗೆ ನುಗ್ಗಿದರೆ ವಾಲಿದ ದೋಣಿ ಮತ್ತೆ ನೆಟ್ಟಗಾಗದೇ ಹೋಗಬಹುದು. ಇದನ್ನು ಮೊದಲೇ ಅಳೆಯಬಹುದು. ಪರವಾನಗಿ ಕೊಡುವ ಮುನ್ನ ಪೂರ್ತಿ ಜನರಷ್ಟು ತೂಕದ ಮರಳುಚೀಲಗಳನ್ನು ಒಂದೇ ಅಂಚಿಗೆ ಒಟ್ಟಿ, ಘಾಟಿನಲ್ಲಿ ಎಲ್ಲರೆದುರೇ ವಾಲಿಸಿ ನೋಡಲಿ. ಆ ಪರೀಕ್ಷೆಗೆ ಬೆಸ್ತರ ಹಿರಿಯರನ್ನೂ ಕರೆಯಲಿ. ಪಾಸಾಗದ ದೋಣಿಗೆ ಟಿಕೆಟ್ ಹರಿಯಕೂಡದು.